ಮೂರು ಗಂಟೆಯ ಸೊಪ್ಪಿನ ಪೇಪರು

ಐಡಿಯಾ ಬಂದದ್ದು ಏಪ್ರಿಲ್ ಒಂಬತ್ತರ ಮಧ್ಯಾಹ್ನ, ಊಟಕ್ಕೂ ನಿದ್ದೆಗೂ ನಡುವೆ. ಡೈರಿಯಲ್ಲಿ ಆ ದಿನದ ಕೆಳಗೆ ಇರುವುದು ಇಷ್ಟೇ: "ದೊಡ್ಡಮ್ಮನ ಮನೆಯಲ್ಲಿ ಮುದ್ದೆ, ಬಸ್ಸಾರು. ವಿಪರೀತ ಸೆಖೆ. ಹುಳುಗಳು ತಿಂದು ಮುಗಿಸುವ ಮೊದಲೇ ಸೊಪ್ಪು ಒಣಗುತ್ತಿದೆ. ಮಧ್ಯಾಹ್ನದ ಸೊಪ್ಪನ್ನು ಎರಡು ಕಂತು ಮಾಡಿ ಹಾಕಿದರೆ?" ಬರೆಯಲು ಒಂದು ನಿಮಿಷ ಹಿಡಿದಿರಬಹುದು. ಆ ಒಂದು ಪ್ರಶ್ನೆ ಅಚ್ಚಾದ ಪೇಪರಾಗಲು ಎರಡು ಬೇಸಿಗೆ ಹಿಡಿಯಿತು.

ನಾನು ಆಗ ರೇಷ್ಮೆ ಕೃಷಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಮನೆ ದೇವನಹಳ್ಳಿ, ವಿಶ್ವವಿದ್ಯಾಲಯ ಬೆಂಗಳೂರು, ಹುಳುಗಳು ನಮ್ಮ ತಾಲ್ಲೂಕಿನದೇ ವಿಜಯಪುರದಿಂದ ಆಚೆ ದೊಡ್ಡಮ್ಮನ ಊರು. ಈ ಮೂರರ ನಡುವೆ ಬಸ್ಸು. ನಮ್ಮಲ್ಲಿ ಒಂದು ನಿಯಮವಿತ್ತು: ಒಂದಾದರೂ ಪೇಪರು ಯಾವುದಾದರೂ ಪತ್ರಿಕೆಯಲ್ಲಿ ಸ್ವೀಕಾರವಾಗದೆ ಥೀಸಿಸ್ ತೆಗೆದುಕೊಳ್ಳುವುದಿಲ್ಲ. ನನ್ನ ನೋಂದಣಿ ಮುಗಿಯುವುದು ಮುಂದಿನ ವರ್ಷದ ಡಿಸೆಂಬರಿಗೆ. ಅಷ್ಟರೊಳಗೆ ಪೇಪರು ಇಲ್ಲವೆಂದರೆ ನಾಲ್ಕು ವರ್ಷದ ಕೆಲಸವನ್ನು ಮೂಟೆ ಕಟ್ಟಿ ಅಟ್ಟಕ್ಕೆ ಹಾಕಬೇಕಿತ್ತು. ಆದರೆ ಏಪ್ರಿಲ್ ಒಂಬತ್ತಕ್ಕೆ ನನಗೆ ಭಯವೇನೂ ಇರಲಿಲ್ಲ. ಐಡಿಯಾ ಸಿಕ್ಕಿತಲ್ಲ, ಇನ್ನೇನು ಬೇಕು ಎಂದುಕೊಂಡಿದ್ದೆ.

ಐಡಿಯಾ ಸರಳ. ರೇಷ್ಮೆ ಹುಳಕ್ಕೆ ದಿನಕ್ಕೆ ಮೂರು ಸಲ ಹಿಪ್ಪುನೇರಳೆ ಸೊಪ್ಪು ಹಾಕುವುದು ದೊಡ್ಡಮ್ಮನ ಮನೆಯ ಪದ್ಧತಿ: ಬೆಳಗಾಗುತ್ತಲೇ ಒಮ್ಮೆ, ಹನ್ನೊಂದಕ್ಕೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ. ಬೇಸಿಗೆಯಲ್ಲಿ ಹನ್ನೊಂದರ ಸೊಪ್ಪು ಒಂದು ಗಂಟೆಗೆಲ್ಲ ಹಪ್ಪಳವಾಗುತ್ತದೆ. ಒಣಗಿದ್ದನ್ನು ಹುಳ ಮುಟ್ಟುವುದಿಲ್ಲ, ಅದು ಕಸದ ಜೊತೆ ತಿಪ್ಪೆಗೆ ಹೋಗುತ್ತದೆ. ಅದೇ ಸೊಪ್ಪನ್ನು ಅರ್ಧ ಹನ್ನೊಂದಕ್ಕೆ, ಉಳಿದರ್ಧ ಮೂರು ಗಂಟೆಗೆ ಹಾಕಿದರೆ? ಸೊಪ್ಪು ಜಾಸ್ತಿ ಬೇಡ, ಅಷ್ಟೇ ತೂಕ, ಎರಡು ಕಂತು. ಗೂಡು ಗಟ್ಟಿಯಾಗುತ್ತದೆಯೇ ನೋಡಬೇಕು.

ಏಪ್ರಿಲ್ ಕೊನೆಗೆ ದೊಡ್ಡಮ್ಮ ಹೊಸ ಮರಿಹುಳ ತಂದರು. ನಾನು ಹುಳದ ಮನೆಯನ್ನು ಎರಡು ಭಾಗ ಮಾಡಿದೆ. ಬಲಗಡೆಯ ತಟ್ಟೆಗಳಿಗೆ ಎರಡು ಕಂತಿನ ಸೊಪ್ಪು, ಎಡಗಡೆಯವಕ್ಕೆ ಮಾಮೂಲಿ. ಬೆಳೆ ಮುಗಿಯುವವರೆಗೆ ಅಲ್ಲೇ ಉಳಿದು, ಬೆಳಿಗ್ಗೆಯ ಸೊಪ್ಪು ನಾನೇ ತೂಗಿ ಹಾಕಿ ಎಂಟೂವರೆಯ ಬಸ್ಸಿಗೆ ಹೋಗುತ್ತಿದ್ದೆ. ಹನ್ನೊಂದರದ್ದು ಮತ್ತು ಮೂರು ಗಂಟೆಯದು ದೊಡ್ಡಮ್ಮನ ಪಾಲಿಗೆ.

"ನೆನಪಿರ್ಲಿ ದೊಡ್ಡಮ್ಮ, ಮೂರು ಗಂಟೇದು ಬಲಗಡೇಕೆ ಮಾತ್ರ."

"ಇಪ್ಪತ್ತು ಸಲ ಹೇಳ್ದೆ ಕಣೇ. ನಂಗೇನು ಎಡಗೈ ಬಲಗೈ ಗೊತ್ತಿಲ್ವಾ?"

ಮೇ ಕೊನೆಗೆ ಗೂಡು ಬಿಡಿಸಿ, ತಟ್ಟೆ ತಟ್ಟೆಯ ಲೆಕ್ಕವನ್ನೂ ತೂಗಿ ಬರೆದುಕೊಂಡೆ. ಒಂದು ದಿನ ಕೂಡಿದೆ. ಮರುದಿನ ಮತ್ತೆ ಕೂಡಿದೆ. ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ನನ್ನ ಐಡಿಯಾ ಸುಳ್ಳು ಎಂದು ತೀರ್ಮಾನವಾಯಿತು. ಜೂನ್ ಎರಡು ಎಂಬ ತಾರೀಖಿನ ಕೆಳಗೆ ಡೈರಿಯಲ್ಲಿ ಏನೂ ಇಲ್ಲ. ನಾನು ಏನೂ ಬರೆಯದ ದಿನ ಆ ವರ್ಷದಲ್ಲಿ ಅದೊಂದೇ.

ಅದರ ಮರುದಿನ ದೊಡ್ಡಮ್ಮ ಹಜಾರದಲ್ಲಿ ಕೂತು ಚಂದ್ರಿಕೆಗೆ ಅಂಟಿಕೊಂಡ ರೇಷ್ಮೆಯ ಚೂರುಗಳನ್ನು ಕೀಳುತ್ತಿದ್ದರು. ಚಂದ್ರಿಕೆ ಎಂದರೆ ಹಣ್ಣಾದ ಹುಳಗಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಾಪೆ. ದೊಡ್ಡಪ್ಪ ಪಕ್ಕದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು, ಅಂದರೆ ದಿನಪತ್ರಿಕೆ.

"ಏನೇ ಅದು, ನಿನ್ನೆಯಿಂದ ಮೂತಿ ಹಂಗೇ ಇಟ್ಕೊಂಡಿದ್ದೀಯಾ?" ಎಂದರು ದೊಡ್ಡಮ್ಮ.

"ಎರಡೂ ಕಡೆ ಒಂದೇ ಬಂದ್ಬಿಟ್ಟಿದೆ."

"ಒಳ್ಳೇದಾಯ್ತಲ್ಲ."

"ಒಳ್ಳೇದಲ್ಲ ದೊಡ್ಡಮ್ಮ. ಬಲಗಡೇದು ಜಾಸ್ತಿ ಬರ್ಬೇಕಿತ್ತು. ಎಡಗಡೇದು ಕಮ್ಮಿ ಬರ್ಬೇಕಿತ್ತು."

"ಕಮ್ಮಿ ಬರ್ಲಿ ಅಂತ ಹುಳ ಸಾಕೋರ್ನ ಇವತ್ತೇ ನೋಡಿದ್ದು ನಾನು."

"ಮೂರು ಗಂಟೆ ಸೊಪ್ಪು ದಿನಾ ಹಾಕಿದ್ಯಾ?"

"ಒಂದು ದಿನ ತಪ್ಪಿಸಿಲ್ಲ. ನಿದ್ದೆ ಬಿಟ್ಟು ಹಾಕಿದೀನಿ."

"ಬಲಗಡೇಕೆ?"

"ಬಲಗಡೇಕೂ ಹಾಕ್ದೆ."

ಆ 'ಊ' ನನ್ನ ಕಿವಿಗೆ ಬಿದ್ದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು.

"ಎಡಗಡೇಕೂ ಹಾಕಿದ್ಯಾ?"

"ಇನ್ನೇನ್ ಮಾಡ್ಲಿ? ನೀನು ಹೇಳ್ಬಿಟ್ಟು ಬಸ್ ಹತ್ಕೊಂಡು ಹೋಗ್ತೀಯಾ. ಅವುಗಳ ಮುಂದೆ ನಿಂತ್ಕೊಳ್ಳೋಳು ನಾನು. ಬಲಗಡೇಕೆ ಸೊಪ್ಪು ಹಾಕ್ತಿದ್ರೆ ಎಡಗಡೇವು ಅಷ್ಟೂ ತಲೆ ಎತ್ಕೊಂಡು ಹಿಂಗೆ, ಹಿಂಗೆ ನೋಡ್ತವೆ." ದೊಡ್ಡಮ್ಮ ಕೈಯಲ್ಲಿದ್ದ ರೇಷ್ಮೆಯ ಚೂರು ಬಿಟ್ಟು, ಕತ್ತನ್ನು ಎತ್ತಿ ಎಡಕ್ಕೆ ಬಲಕ್ಕೆ ಆಡಿಸಿ ತೋರಿಸಿದರು. "ಒಂದೇ ಪಂಕ್ತೀಲಿ ಕೂರಿಸ್ಬಿಟ್ಟು, ಒಬ್ರಿಗೆ ಬಡ್ಸಿ, ಇನ್ನೊಬ್ರ ಎಲೆ ದಾಟ್ಕೊಂಡು ಹೋಗಕ್ಕಾಗ್ತದಾ? ಪಂಕ್ತಿಭೇದದ ಪಾಪಾನ ನಿಮ್ಮ ಯೂನಿವರ್ಸಿಟಿಯೋರು ತೊಳೀತಾರಾ?"

ದೊಡ್ಡಪ್ಪ ದಿನಪತ್ರಿಕೆ ಕೆಳಗಿಳಿಸಿದರು. "ಲೇ, ಇವಳ ಕೈಲಿ ಬಡಿಸ್ಕೊಂಡು ನಾನೇ ಈ ಗಾತ್ರ ಆಗಿದೀನಿ. ಹುಳುಗಳನ್ನ ಬಿಟ್ಬಿಟ್ಟಾಳಾ?"

ನನಗೆ ಅಳು ಬರಬೇಕಿತ್ತು, ನಗು ಬಂತು. ಆಮೇಲೆ ಅಳುವೂ ಬಂತು. ಏಕೆಂದರೆ ಆಗಲೇ ಮೋಡ ಕಟ್ಟಿತ್ತು. ಒಣ ಸೆಖೆಯ ಪ್ರಯೋಗಕ್ಕೆ ಇನ್ನು ಮುಂದಿನ ಮಾರ್ಚಿನವರೆಗೆ ಕಾಯಬೇಕು. ಇದ್ದ ಎರಡು ಬೇಸಿಗೆಗಳಲ್ಲಿ ಒಂದನ್ನು ದೊಡ್ಡಮ್ಮನ ಕರುಳು ತಿಂದುಹಾಕಿತ್ತು.

ನನ್ನ ಗೈಡ್ ಒಬ್ಬ ಮೇಡಂ. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಊರೆಲ್ಲ ಹುಡುಕುವವರು, ಆದರೆ ಟೇಬಲ್ಲಿನಲ್ಲಿ ಒಂದು ಅಂಕಿ ಆಚೀಚೆಯಾದರೆ ಕನ್ನಡಕವಿಲ್ಲದೆ ಹಿಡಿಯುವವರು. ಕಥೆ ಕೇಳಿ ಮೊದಲು ಚೆನ್ನಾಗಿ ನಕ್ಕರು.

"ಕಂಟ್ರೋಲ್ ಗ್ರೂಪ್ ಅಂದ್ರೆ ಏನು ಅಂತ ಅವ್ರಿಗೆ ಹೇಳಿದ್ಯೇನಮ್ಮ?"

"ಹೇಳಿದ್ದೆ ಮೇಡಂ. ಹೊಟ್ಟೆ ವಿಷಯದಲ್ಲಿ ಎಂಥ ಕಂಟ್ರೋಲು ಅಂದ್ರು."

"ಅದಿರ್ಲಿ. ಎಡ-ಬಲ ಅಂತ ಯಾಕೆ ಭಾಗ ಮಾಡ್ದೆ?"

"ನೆನಪಿಟ್ಕೊಳ್ಳೋಕೆ ಸುಲಭ ಅಂತ."

"ಕಿಟಕಿ ಯಾವ ಕಡೆ ಇದೆ?"

ಕಿಟಕಿ ಎಡಗಡೆ ಇತ್ತು. ಬಿಸಿಗಾಳಿ ನುಗ್ಗುವುದೂ ಅಲ್ಲಿಂದಲೇ.

"ನಿಮ್ಮ ದೊಡ್ಡಮ್ಮ ಕೆಡಿಸದೇ ಇದ್ದಿದ್ರೆ ಕಿಟಕಿ ಕೆಡಿಸಿರೋದು. ಬಲಗಡೆ ಗೂಡು ಚೆನ್ನಾಗಿ ಬಂದ್ರೆ ಅದು ಸೊಪ್ಪಿಂದಲೋ ಗಾಳಿಯಿಂದಲೋ ಅಂತ ಕೇಳ್ದೋರಿಗೆ ಏನು ಹೇಳ್ತಿದ್ದೆ? ಮುಂದಿನ ಬೇಸಿಗೆಗೆ ತಟ್ಟೆಗಳಿಗೆಲ್ಲ ನಂಬರ್ ಹಾಕು, ಚೀಟಿ ಎತ್ತು. ಯಾವ ತಟ್ಟೆಗೆ ಮೂರು ಗಂಟೆ ಸೊಪ್ಪು ಅನ್ನೋದನ್ನ ನೀನು ಆರಿಸ್ಬೇಡ, ಅದೇ ಬೀಳ್ಲಿ."

ಮಾರ್ಚ್ ಹನ್ನೊಂದು. ಇಪ್ಪತ್ತನಾಲ್ಕು ತಟ್ಟೆ, ಇಪ್ಪತ್ತನಾಲ್ಕು ಚೀಟಿ. ದೊಡ್ಡಮ್ಮನ ಹಿತ್ತಾಳೆ ಚೊಂಬಿಗೆ ಚೀಟಿ ಹಾಕಿ, ಮೊದಲು ಎತ್ತಿದ ಹನ್ನೆರಡು ನಂಬರಿಗೆ ಎರಡು ಕಂತಿನ ಸೊಪ್ಪು ಎಂದು ವಿವರಿಸಿದೆ. ಮತ್ತೆ ಪಂಕ್ತಿಭೇದದ ಪಾಠ ಕೇಳಲು ತಯಾರಾಗಿಯೇ ಇದ್ದೆ. ದೊಡ್ಡಮ್ಮ ಚೊಂಬನ್ನೇ ನೋಡುತ್ತ ನಿಂತರು.

"ಇದನ್ನ ಹೋದ ಸಲವೇ ಮಾಡಕ್ಕೇನಾಗಿತ್ತು ನಿಂಗೆ?"

"ಹಂಗಂದ್ರೆ?"

"ಚೀಟಿ ಎತ್ತಿದ್ಮೇಲೆ ಮುಗೀತಲ್ಲ. ಆಮೇಲೆ ಯಾರು ಯಾರ್ನ ಅನ್ನಂಗಿದೆ?"

ನಮ್ಮ ಕಡೆ ಅಣ್ಣತಮ್ಮಂದಿರ ಭಾಗವಾಗುವುದು ಚೀಟಿಯಲ್ಲೇ. ತೋಟ ಯಾರಿಗೆ, ಹೊಲ ಯಾರಿಗೆ, ಬಾವಿಯ ಕಡೆಯದು ಯಾರಿಗೆ ಎಂದು ತಿಂಗಳುಗಟ್ಟಲೆ ಜಗಳವಾಡುವವರು, ಹಿರಿಯರೆದುರು ಚೀಟಿ ಎತ್ತಿದ ಮೇಲೆ ಪಂಚೆ ಕೊಡವಿಕೊಂಡು ಎದ್ದುಹೋಗುತ್ತಾರೆ. ಕಡಿಮೆ ಬಂದವನಿಗೂ ಯಾರೋ ತನಗೆ ಕಡಿಮೆ ಕೊಟ್ಟರು ಎಂಬ ನೋವಿರುವುದಿಲ್ಲ. ಮೇಡಂ ಕಿಟಕಿಯ ಕಾಟ ತಪ್ಪಿಸಲು ಹೇಳಿದ ಉಪಾಯ ದೊಡ್ಡಮ್ಮನ ಪಾಪವನ್ನೂ ತಪ್ಪಿಸಿತು. ಅವರು ಕೈಕಾಲು ತೊಳೆದುಕೊಂಡು ಬಂದು, ದೇವರ ಗೂಡಿನಲ್ಲಿ ದೀಪ ಹಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹನ್ನೆರಡು ಚೀಟಿ ಎತ್ತಿದರು. ಅದೃಷ್ಟದ ತಟ್ಟೆಗಳಿಗೆ ನಾನು ಕೆಂಪು ದಾರ ಕಟ್ಟಿದೆ.

ಆ ಇಪ್ಪತ್ತೈದು ದಿನ ಹುಳದ ಮನೆಯಲ್ಲಿ ನನಗಿಂತ ಕಟ್ಟುನಿಟ್ಟು ಅವರದೇ. ಮೂರು ಗಂಟೆಗೆ ಕೆಂಪು ದಾರದ ತಟ್ಟೆಗೆ ಸೊಪ್ಪು ಹಾಕುತ್ತ, ಪಕ್ಕದ ತಟ್ಟೆಗೆ ಹೇಳುತ್ತಿದ್ದರಂತೆ: "ನಿಮ್ ಚೀಟಿ ಬರ್ಲಿಲ್ಲ, ನಾನೇನ್ ಮಾಡ್ಲಿ? ರಾತ್ರಿ ಹಾಕ್ತೀನಿ, ಅಲ್ಲೀಗಂಟ ಸುಮ್ಕಿರಿ." ಒಂದು ಭಾನುವಾರ ನಾನು ಮನೆಯಲ್ಲೇ ಇದ್ದೆ. ದೊಡ್ಡಪ್ಪ ದಾರವಿಲ್ಲದ ತಟ್ಟೆಗೆ ಮೆಲ್ಲಗೆ ಒಂದು ಎಲೆ ಹಾಕಿದ್ದನ್ನು ದೊಡ್ಡಮ್ಮ ಬಾಗಿಲಿಂದಲೇ ಕಂಡರು.

"ಅದಕ್ಕೆ ಚೀಟಿ ಬಂದೈತಾ?"

"ಒಂದೇ ಎಲೆ ಕಣೇ."

"ಒಂದೆಲೆ ಆದ್ರೇನು, ಹೊರೆ ಆದ್ರೇನು. ತೆಗೀರಿ."

ದೊಡ್ಡಪ್ಪ ಎಲೆ ತೆಗೆದರು. ಅದರ ಜೊತೆ ಎರಡು ಹುಳವೂ ಬಂದವು. ಅವನ್ನು ಬಿಡಿಸಿ ಮತ್ತೆ ತಟ್ಟೆಗೆ ಬಿಡುತ್ತ, "ನಿಮಗೂ ನನಗೂ ಒಂದೇ ಯಜಮಾನಿ" ಎಂದರು.

ಈ ಸಲ ವ್ಯತ್ಯಾಸ ಬಂತು. ಆಕಾಶಕ್ಕೆ ಏಣಿ ಹಾಕುವಂಥದ್ದಲ್ಲ, ಆದರೆ ನಾಲ್ಕು ಸಲ ಕೂಡಿದರೂ ಕರಗದಂಥದ್ದು. ಕೆಂಪು ದಾರದ ತಟ್ಟೆಗಳ ಗೂಡು ತೂಕವಾಗಿದ್ದವು. ಮೇಡಂ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರು. "ಸರಿ. ಈಗ ಕೆಲಸ ಶುರು ಮಾಡು" ಎಂದರು. ಕೆಲಸ ಮುಗಿಯಿತು ಎಂದುಕೊಂಡಿದ್ದೆ ನಾನು.

ಪೇಪರಿಗೆ ಏನೇನು ಬೇಕು ಎಂದು ನನಗೆ ಗೊತ್ತಾದದ್ದು ಆಮೇಲಿನ ಎರಡು ತಿಂಗಳಲ್ಲಿ. ಮೊದಲು, 'ನಾನು' ಬೇಡ. 'ನಾನು ತೂಗಿದೆ' ಎಂದು ಬರೆದಲ್ಲೆಲ್ಲ ಮೇಡಂ ಕೆಂಪು ಪೆನ್ನಿನಲ್ಲಿ 'ತೂಗಲಾಯಿತು' ಮಾಡಿದರು. 'ದೊಡ್ಡಮ್ಮ ಸೊಪ್ಪು ಹಾಕಿದರು' ಎಂಬುದು 'ಸೊಪ್ಪನ್ನು ಒದಗಿಸಲಾಯಿತು' ಆಯಿತು. ಕೊನೆಗೆ ಓದಿದರೆ ಯಾರೂ ಇಲ್ಲದ ಮನೆಯಲ್ಲಿ ಸೊಪ್ಪು ತಾನೇ ಎದ್ದು ಬಂದು ತಟ್ಟೆಯಲ್ಲಿ ಮಲಗಿದ ಹಾಗಿತ್ತು. ಆಮೇಲೆ ಹಳೆಯ ಪೇಪರುಗಳ ಪಟ್ಟಿ. ಅದರಲ್ಲಿ ಇಸವಿಯ ಮುಂದೆ ಚುಕ್ಕಿಯೋ ಅಲ್ಪವಿರಾಮವೋ ಎಂಬುದು ಪತ್ರಿಕೆಯಿಂದ ಪತ್ರಿಕೆಗೆ ಬೇರೆ. ಚುಕ್ಕಿಯ ಕೆಲಸಕ್ಕೇ ನನಗೆ ಮೂರು ದಿನ ಬೇಕಾಯಿತು. ಸಂಪಾದಕರಿಗೊಂದು ವಿನಯದ ಪತ್ರ. ಇದನ್ನು ಬೇರೆಲ್ಲೂ ಕಳಿಸಿಲ್ಲವೆಂಬ ಘೋಷಣೆ. ಹುಳ ಮಾರುವವರಿಂದ ನಮಗೇನೂ ಲಾಭವಿಲ್ಲವೆಂಬ ಇನ್ನೊಂದು ಘೋಷಣೆ. ಪೇಪರನ್ನು ಪರೀಕ್ಷಿಸಬಲ್ಲ ತಜ್ಞರ ಹೆಸರನ್ನು ನಾವೇ ಸೂಚಿಸಬೇಕು, ಆದರೆ ಅವರು ನಮಗೆ ಪರಿಚಯದವರಾಗಿರಬಾರದು. ಮೇಡಂ ಪೆನ್ನು ಕಚ್ಚಿಕೊಂಡು ಕೂತರು. ರೇಷ್ಮೆಯ ಲೋಕದಲ್ಲಿ ಅವರ ಜೊತೆ ಕಾಫಿ ಕುಡಿಯದವರೇ ಇರಲಿಲ್ಲ.

ಫೋಟೋ ಬೇಕಿತ್ತು. ನನ್ನ ಬಳಿ ಇದ್ದ ಒಂದೇ ಒಳ್ಳೆಯ ಫೋಟೋದಲ್ಲಿ, ತಟ್ಟೆಗಳ ಹಿಂದೆ ಹಗ್ಗದ ಮೇಲೆ ದೊಡ್ಡಪ್ಪನ ಚೌಕುಳಿ ಲುಂಗಿ ಒಣಗುತ್ತಿತ್ತು. ಮತ್ತೆ ತೆಗೆಯೋಣವೆಂದರೆ ಆ ಹುಳುಗಳು ಆಗಲೇ ಗೂಡಾಗಿ, ಗೂಡು ನೂಲಾಗಿ, ಯಾರ ಸೀರೆಯೋ ಆಗಿಹೋಗಿದ್ದವು. ಆದಷ್ಟು ಕತ್ತರಿಸಿದೆ. ಮೂಲೆಯಲ್ಲಿ ನಾಲ್ಕು ಚೌಕ ಉಳಿದವು.

ಜೂನ್ ಇಪ್ಪತ್ತರಂದು ಮೊದಲ ಪತ್ರಿಕೆಗೆ ಕಳಿಸಿದೆ. ಇಪ್ಪತ್ತೊಂದರಂದು ವಾಪಸ್ ಬಂತು: ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಅಷ್ಟು ಬೇಗ ವಿಜಯಪುರದಿಂದ ದೇವನಹಳ್ಳಿಗೆ ಕೊರಿಯರ್ ಕೂಡ ಬರುವುದಿಲ್ಲ. ಚುಕ್ಕಿಗಳನ್ನೆಲ್ಲ ಅಲ್ಪವಿರಾಮ ಮಾಡಿ, ರೇಷ್ಮೆಗೆಂದೇ ಇರುವ ಎರಡನೆಯ ಪತ್ರಿಕೆಗೆ ಕಳಿಸಿದೆ. ಜುಲೈ ಹೋಯಿತು, ಆಗಸ್ಟ್ ಹೋಯಿತು. ಮನೆಯಲ್ಲಿ ಅಮ್ಮ ದಿನಾ ಸಂಜೆ, "ಬಂತಾ?" ಎಂದು ಕೇಳುತ್ತಿದ್ದರು. ಹೆಣ್ಣು ನೋಡಿ ಹೋದವರ ಮನೆಯ ಉತ್ತರಕ್ಕೆ ಕಾದಂತೆ ಇತ್ತು.

ಸೆಪ್ಟೆಂಬರ್ ಹದಿನಾಲ್ಕಕ್ಕೆ ಬಂತು. ಇಬ್ಬರು ವಿಮರ್ಶಕರು, ಇಬ್ಬರೂ ಯಾರೆಂದು ನಮಗೆ ತಿಳಿಯುವುದಿಲ್ಲ. ಮೊದಲನೆಯವರು, ಕೆಲಸ ಚೆನ್ನಾಗಿದೆ, ಭಾಷೆ ಇನ್ನೂ ತಿದ್ದಿಕೊಳ್ಳಲಿ ಎಂದು ಎರಡು ಸಾಲಿನಲ್ಲಿ ಮುಗಿಸಿದ್ದರು. ಎರಡನೆಯವರು ಬರೆದದ್ದು ನನ್ನ ಪೇಪರಿಗಿಂತ ಸ್ವಲ್ಪವೇ ಚಿಕ್ಕದು. ಏಳನೆಯ ಪ್ರಶ್ನೆ ಹೀಗಿತ್ತು: "ಎರಡನೆಯ ಚಿತ್ರದ ಬಲ ಮೂಲೆಯಲ್ಲಿ ಕಾಣುವ ಚೌಕುಳಿ ಬಟ್ಟೆಯ ಪಾತ್ರವೇನು? ಅದು ತೇವಾಂಶ ಕಾಪಾಡುವ ವ್ಯವಸ್ಥೆಯ ಭಾಗವೇ?"

ಉತ್ತರ ಬರೆದೆ: ಆ ಬಟ್ಟೆಗೆ ಪ್ರಯೋಗದಲ್ಲಿ ಯಾವ ಪಾತ್ರವೂ ಇಲ್ಲ. ಫೋನಿನಲ್ಲಿ ಇದನ್ನು ಕೇಳಿದ ದೊಡ್ಡಪ್ಪನಿಗೆ ಬೇಸರವಾಯಿತು. "ಯಾವ ಪಾತ್ರಾನೂ ಇಲ್ಲ ಅಂತ ಬರೆದ್ಬಿಟ್ಯಾ? ಸೊಪ್ಪು ಕೊಯ್ದು ತಂದೋನು ಆ ಲುಂಗಿ ಉಟ್ಕೊಂಡೇ ಅಲ್ವೇನಮ್ಮ ತಂದಿದ್ದು?"

ಒಂಬತ್ತನೆಯ ಪ್ರಶ್ನೆಗೆ ನಗು ಬರಲಿಲ್ಲ. "ಈ ಪ್ರಯೋಗವನ್ನು ಹಿಂದೆ ಮಾಡಲಾಗಿತ್ತೇ? ಮಾಡಿದ್ದರೆ ಅದರ ಫಲಿತಾಂಶವೇಕೆ ಇಲ್ಲಿಲ್ಲ?"

ಪ್ರಶ್ನೆಗಳ ಹಾಳೆಯನ್ನು ಮೇಡಂ ಮೇಜಿನ ಮೇಲಿಟ್ಟೆ. ಹೌದು, ಮಾಡಿದ್ದೆವು, ವ್ಯತ್ಯಾಸ ಬರಲಿಲ್ಲ ಎಂದರೆ ತಿರಸ್ಕರಿಸಿಬಿಡಬಹುದು. ತಿರಸ್ಕರಿಸಿದರೆ ಡಿಸೆಂಬರಿನೊಳಗೆ ಮೂರನೆಯ ಪತ್ರಿಕೆ ಹುಡುಕಲು ಸಮಯವಿಲ್ಲ.

"ಕೇಳಿದಾರೆ, ಹೇಳ್ಬೇಕು" ಎಂದರು ಮೇಡಂ. "ಆದ್ರೆ ದೊಡ್ಡಮ್ಮನ ಕರುಳು ಅಂತ ಬರೀಬೇಡ. ಒಂದೇ ವಾಕ್ಯ."

ಆ ಒಂದು ವಾಕ್ಯಕ್ಕೆ ಐದು ಕರಡು ಮಾಡಿದೆ. ಕೊನೆಗೆ ನಿಂತದ್ದರ ಅರ್ಥ ಇಷ್ಟು: ಹಿಂದಿನ ಬೇಸಿಗೆಯ ಪ್ರಯೋಗದಲ್ಲಿ ಪಾಲಕರು ಎರಡೂ ಗುಂಪಿಗೆ ಮೂರು ಗಂಟೆಯ ಸೊಪ್ಪನ್ನು ನೀಡಿದ್ದರಿಂದ ಅದನ್ನು ಕೈಬಿಡಲಾಯಿತು. ಕಳಿಸುವ ಮೊದಲು ದೊಡ್ಡಮ್ಮನಿಗೆ ಓದಿ ಹೇಳುವುದು ನ್ಯಾಯ ಅನಿಸಿತು. ಶನಿವಾರ ಹೋಗಿ ಕನ್ನಡದಲ್ಲಿ ಹೇಳಿದೆ.

ದೊಡ್ಡಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. "ಕೊಟ್ಟೆ ಅಂತ ಬರೆದಿದ್ದೀಯಾ. ಯಾಕೆ ಕೊಟ್ಟೆ ಅಂತ ಎಲ್ಲಿ?"

"ಅದು ಬೇಕಾಗಲ್ಲ ದೊಡ್ಡಮ್ಮ."

"ನಂಗೆ ಬೇಕು. ಸುಮ್ಸುಮ್ನೆ ಕೊಟ್ಟೆ ಅಂದ್ರೆ ಓದ್ದೋರು ಏನನ್ಕೊಳ್ಳಲ್ಲ? ಬುದ್ಧಿ ಇಲ್ದೋಳು, ಹೇಳಿದ್ ಮಾತು ಅರ್ಥ ಆಗ್ದೋಳು ಅಂತ. ಅವು ತಲೆ ಎತ್ಕೊಂಡು ಹುಡುಕ್ತಿದ್ವು, ಅದಕ್ಕೆ ಕೊಟ್ಟೆ. ಬರಿ."

"ಬರೀತೀನಿ" ಎಂದೆ.

ಬರೆದೆ. 'ಮಧ್ಯಾಹ್ನದ ಹೊತ್ತಿನಲ್ಲಿ ಹುಳುಗಳು ತಲೆ ಎತ್ತಿ ಸೊಪ್ಪನ್ನು ಹುಡುಕುವುದನ್ನು ಕಂಡು' ಎಂದು ಸೇರಿಸಿದೆ. ಮೇಡಂ ಹುಬ್ಬೇರಿಸಿದರು, ತೆಗೆಯಲಿಲ್ಲ.

ಅಕ್ಟೋಬರ್ ಎಂಟರಂದು ಎರಡನೆಯ ಸುತ್ತಿನ ಉತ್ತರ. ಎರಡನೆಯ ವಿಮರ್ಶಕರಿಗೆ ಲುಂಗಿಯ ವಿಷಯದಲ್ಲಿ ಸಮಾಧಾನವಾಗಿತ್ತು. ಹಿಂದಿನ ಬೇಸಿಗೆಯ ವಿಷಯದಲ್ಲೂ ತಕರಾರಿರಲಿಲ್ಲ. ಒಂದೇ ಒಂದು ಮಾತು ಉಳಿದಿತ್ತು: ಹುಳುಗಳು ತಲೆ ಎತ್ತಿದ್ದನ್ನು ಅಳೆದಿದ್ದರೆ ಅಂಕಿ ಕೊಡಿ. ಅಳೆದಿಲ್ಲವಾದರೆ ಅದನ್ನು ಕಂಡವರ ಹೆಸರು ಹಾಕಿ, ಹೆಸರು ಅಚ್ಚು ಮಾಡಲು ಅವರ ಒಪ್ಪಿಗೆ ಪತ್ರ ಸಹಿಯೊಂದಿಗೆ ಹತ್ತು ದಿನದೊಳಗೆ ಕಳಿಸಿ. ಇಲ್ಲವೇ ವಾಕ್ಯ ತೆಗೆಯಿರಿ. ಪತ್ರ ತಲುಪದಿದ್ದರೆ ಪೇಪರನ್ನು ನೀವೇ ಹಿಂತೆಗೆದುಕೊಂಡಂತೆ.

ಇಷ್ಟೇನಾ ಎಂದು ಅಂದೇ ವಿಜಯಪುರದ ಬಸ್ಸು ಹತ್ತಿದೆ. ದೊಡ್ಡಮ್ಮ ಹುಳದ ಮನೆಯ ಹೊಸ್ತಿಲಲ್ಲೇ ತಡೆದರು.

"ನಾಲ್ಕನೇ ಜ್ವರಕ್ಕೆ ಕೂತಿವೆ. ಮೆಲ್ಲಗೆ ಮಾತಾಡು."

ಹುಳ ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಅವು ತಿನ್ನುವುದಿಲ್ಲ, ಕದಲುವುದಿಲ್ಲ. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ, ಐದನೆಯ ಹಂತದಲ್ಲಿ, ವಾರವಿಡೀ ಹಗಲು ರಾತ್ರಿ ತಿಂದು, ಆಮೇಲೆ ಗೂಡು ಕಟ್ಟುತ್ತವೆ. ವಿಷಯ ಹೇಳಿ ಕಾಗದ ತೆಗೆದೆ.

"ನನ್ನ ಹೆಸ್ರಾ? ಅಚ್ಚಲ್ಲಾ?" ದೊಡ್ಡಮ್ಮನ ಮುಖ ಒಂದು ಕ್ಷಣ ಅರಳಿತು. ಆಮೇಲೆ, "ಅದೇ ಪೇಪರಲ್ಲಿ ಗೂಡಿನ ಲೆಕ್ಕಾನೂ ಇದ್ಯಾ?"

"ಇದೆ. ಅದೇ ಮುಖ್ಯ ಅಲ್ವಾ?"

"ಹಂಗಾದ್ರೆ ಈಗ ಬೇಡ."

ಹುಳ ಸಾಕುವವರು ಬೆಳೆಯ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರ್ಚಿನ ಬೆಳೆ ತೂಗುವಾಗಲೂ ಅಂಕಿಯನ್ನು ಜೋರಾಗಿ ಓದಲು ಬಿಟ್ಟಿರಲಿಲ್ಲ. ನೋಡ್ಕೊಂಡು ಬರ್ಕೋ ಅಂದಿದ್ದರು. ಇಂಥವರಿಗೆ ಇಷ್ಟು ಬಂತು ಎಂದು ಹೆಸರೂ ಅಂಕಿಯೂ ಒಟ್ಟಿಗೆ ಆಡಿದರೆ ದೃಷ್ಟಿಯಾಗುತ್ತದೆ. ಅದೂ ತಟ್ಟೆಯ ಮೇಲೆ ಹುಳ ಇರುವಾಗ.

"ಅದು ಹಿಂದಿನ ಬೆಳೆ ಲೆಕ್ಕ ದೊಡ್ಡಮ್ಮ. ಆ ಹುಳ ಈಗೆಲ್ಲಿವೆ?"

"ದೃಷ್ಟಿಗೇನು ತಾರೀಖು ಗೊತ್ತಾಗ್ತದಾ? ಇವು ಗೂಡು ಕಟ್ಲಿ. ಬಿಡಿಸಿದ ದಿನ ಬಾ, ಎಲ್ಲಿ ಬೇಕೋ ಅಲ್ಲಿ ಸೈನ್ ಹಾಕ್ತೀನಿ."

ಬೆರಳು ಮಡಿಸಿ ಲೆಕ್ಕ ಹಾಕಿದೆ. ಗೂಡು ಬಿಡಿಸುವ ದಿನ ಪತ್ರಿಕೆಯ ಗಡುವು ದಾಟಿ ನಾಲ್ಕು ದಿನಕ್ಕೆ ಬೀಳುತ್ತಿತ್ತು. ದೊಡ್ಡಪ್ಪ ಗೇಟಿನವರೆಗೆ ಬಂದು, "ನಾನು ಹಾಕ್ಕೊಡ್ಲಾ? ಅವಳ ಸೈನ್ ನಂಗೆ ಬರ್ತದೆ" ಎಂದು ಪಿಸುಗುಟ್ಟಿದರು. ಬೇಡ ದೊಡ್ಡಪ್ಪ ಅಂದೆ.

ಮರುದಿನ ಮೇಡಂಗೆ ಹೇಳಿದೆ. "ವಾಕ್ಯ ತೆಗೆದ್ಬಿಡು. ಒಪ್ಪಿಗೇನೂ ಬೇಡ, ಸಹಿನೂ ಬೇಡ. ಈ ವಾರವೇ ಸ್ವೀಕಾರ ಆಗುತ್ತೆ."

ಅವರು ಹೇಳಿದ್ದು ಸರಿ. ಕೀಲಿಮಣೆಯಲ್ಲಿ ಒಂದು ಗುಂಡಿ ಒತ್ತಿದರೆ ಆ ಸಾಲು ಹೋಗುತ್ತಿತ್ತು. ಥೀಸಿಸ್ ಉಳಿಯುತ್ತಿತ್ತು. ಆದರೆ ಆ ಸಾಲು ಹೋದರೆ ಉಳಿಯುವುದು, ಹೇಳಿದ ಮಾತು ಕೇಳದೆ ಎರಡೂ ಕಡೆ ಸೊಪ್ಪು ಹಾಕಿದ ಒಬ್ಬ ಪಾಲಕಿ ಮಾತ್ರ.

"ಒಂದು ವಾರ ಜಾಸ್ತಿ ಕೇಳಿ ನೋಡ್ಲಾ ಮೇಡಂ?"

"ಕಾರಣ ಏನಂತ ಬರೀತೀಯಾ? ದೃಷ್ಟಿ ಅಂತಾನಾ?"

"ಇದ್ದದ್ದೇ ಬರೀತೀನಿ."

"ಬರಿ. ನನ್ನ ಹೆಸರಿಗೆ ಪ್ರತಿ ಹಾಕ್ಬೇಡ" ಎಂದರು. ಆಮೇಲೆ, "ಹಾಕು" ಎಂದರು.

ಸಂಪಾದಕರಿಗೆ ಬರೆದೆ: ಒಪ್ಪಿಗೆ ಕೊಡಬೇಕಾದವರ ಮನೆಯ ಹುಳುಗಳು ನಾಲ್ಕನೆಯ ಜ್ವರದಿಂದ ಈಗ ಏಳುತ್ತಿವೆ. ಗೂಡು ಬಿಡಿಸುವವರೆಗೆ ಆ ಮನೆಯಲ್ಲಿ ಇಳುವರಿಯ ಅಂಕಿಯಿರುವ ಕಾಗದಕ್ಕೆ ಸಹಿ ಹಾಕುವ ಪದ್ಧತಿಯಿಲ್ಲ. ದಯವಿಟ್ಟು ಒಂದು ವಾರ ಹೆಚ್ಚು ಕೊಡಿ. ಕಳಿಸಿದ ಮೇಲೆ ಓದಿದಾಗ, ಇದನ್ನು ನಾನೇ ಓದಿದರೂ ನಂಬುತ್ತಿರಲಿಲ್ಲ ಅನಿಸಿತು. ಒಂದು ದಿನ ಕಳೆಯಿತು. ಎರಡು ಕಳೆದವು. ಬಸ್ಸಿನಲ್ಲಿ, ಊಟದಲ್ಲಿ, ಬಚ್ಚಲ ಬಾಗಿಲಲ್ಲಿ ಫೋನು ನೋಡಿದೆ. ಅಮ್ಮ ಕೇಳುವುದನ್ನೇ ಬಿಟ್ಟರು.

ಮೂರನೆಯ ದಿನ ಎರಡು ಸಾಲಿನ ಉತ್ತರ ಬಂತು. ಒಂದು ವಾರ ಕೊಟ್ಟಿದ್ದೇವೆ. ಐದನೆಯ ಹಂತದ ಹುಳುಗಳಿರುವ ಮನೆಗೆ ಕಾಗದ ಹಿಡಿದುಕೊಂಡು ಹೋಗಬಾರದೆಂದು ನಮಗೂ ಗೊತ್ತು. ಬೆಳೆ ಚೆನ್ನಾಗಿ ಬರಲಿ.

ಯಾರು ಬರೆದರೋ, ಯಾವ ದೇಶದ ಯಾವ ಊರಲ್ಲಿ ಕೂತು 'ಬಾರದು' 'ಬೇಕು' ಎಂದು ದಿನಾ ನೂರು ಜನಕ್ಕೆ ಬರೆಯುವವರೋ ತಿಳಿಯದು. ಅವರ ಮನೆಯಲ್ಲೂ ಒಬ್ಬ ದೊಡ್ಡಮ್ಮ ಇದ್ದಿರಬೇಕು. ಮೇಡಂಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು.

ಬೆಳೆ ಚೆನ್ನಾಗಿಯೇ ಬಂತು. ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ. ಗೂಡು ಬಿಡಿಸಿದ ಸಂಜೆ ದೊಡ್ಡಮ್ಮ ಕೈ ತೊಳೆದು ಬಂದು, ಮೊದಲು ದಿನಪತ್ರಿಕೆಯ ಅಂಚಿನಲ್ಲಿ ಎರಡು ಸಲ ಅಭ್ಯಾಸ ಮಾಡಿ, ಆಮೇಲೆ ತವರೂರಿನ ಹೆಸರು ಸಮೇತ ಪೂರ್ತಿ ಸಹಿ ಹಾಕಿದರು. ಪೆನ್ನು ವಾಪಸು ಕೊಡುವ ಮೊದಲು ಒಂದು ಷರತ್ತು:

"ನನ್ನ ಹೆಸ್ರು ಆ ಲೆಕ್ಕದ ಪಕ್ಕ ಬರ್ಬಾರ್ದು. ಬೇರೆ ಪುಟ ಆಗ್ಬೇಕು."

"ಪುಟ ಜೋಡಿಸೋದು ಅವರು ದೊಡ್ಡಮ್ಮ. ನಾನು ಹೆಂಗೆ ಹೇಳ್ಲಿ?"

"ಒಂದು ವಾರ ಕೊಟ್ಟೋರು ಒಂದು ಪುಟ ಕೊಡಲ್ವಾ?"

ನವೆಂಬರ್ ಹನ್ನೆರಡಕ್ಕೆ ಸ್ವೀಕಾರದ ಪತ್ರ ಬಂತು. ಡಿಸೆಂಬರ್ ನಾಲ್ಕಕ್ಕೆ ಥೀಸಿಸ್ಸಿನ ಐದು ಪ್ರತಿ ಹೊತ್ತು ವಿಶ್ವವಿದ್ಯಾಲಯದ ಕೌಂಟರಿನಲ್ಲಿ ನಿಂತೆ. ಗುಮಾಸ್ತರು ಸ್ವೀಕಾರದ ಪತ್ರವನ್ನು ಮೇಲಿಂದ ಕೆಳಗೆ ಓದಿದರು. "ಎಲ್ಲಾ ಸರಿ ಇದೆ. ಇದರ ಮೇಲೆ ಗೈಡ್ ಸೀಲ್ ಎಲ್ಲಿ?" ಎಂದರು. ಮೇಡಂ ಕೋಣೆಗೆ ಓಡಿ ಸೀಲು ಹಾಕಿಸಿಕೊಂಡು ಬಂದೆ. ಊಟಕ್ಕೆ ಏಳುತ್ತಿದ್ದ ಗುಮಾಸ್ತರು ನನ್ನ ಮುಖ ನೋಡಿ ಮತ್ತೆ ಕೂತು ರಸೀದಿ ಹರಿದುಕೊಟ್ಟರು. ಕ್ಯಾಂಟೀನಿನಲ್ಲಿ ಒಬ್ಬಳೇ ಎರಡು ಪ್ಲೇಟ್ ಕೇಸರಿಬಾತ್ ತಿಂದೆ.

ಪೇಪರು ಅಚ್ಚಾಗಿ ಬಂದದ್ದು ಜನವರಿಯಲ್ಲಿ. ವಿಜಯಪುರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ದೊಡ್ಡಮ್ಮನ ಮನೆಗೆ ಹೋದೆ. ಅವರು ಮೊದಲು ತಮ್ಮ ಹೆಸರು ಎಲ್ಲಿದೆ ಎಂದು ಕೇಳಿ, ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟುಕೊಂಡರು. ಆಮೇಲೆ ಲೆಕ್ಕದ ಟೇಬಲ್ಲು ಎಲ್ಲಿದೆ ಎಂದು ಕೇಳಿದರು. ಹಾಳೆ ತಿರುಗಿಸಿ ತೋರಿಸಿದೆ. ಅದೇ ಹಾಳೆಯ ಬೆನ್ನಿಗಿತ್ತು. ದೊಡ್ಡಮ್ಮ ಎದ್ದು ಬಾಗಿಲಿಗೆ ಹೋಗಿ ಹಾಳೆಯನ್ನು ಬಿಸಿಲಿಗೆ ಹಿಡಿದು, ಅಂಕಿ ಈಚೆಗೆ ಕಾಣುತ್ತದೋ ಎಂದು ಕಣ್ಣು ಕಿರಿದು ಮಾಡಿ ನೋಡಿದರು.

"ಯಾರೇ ಹಂಗೆ ಬಿಸಿಲಿಗೆ ಹಿಡ್ಕೊಂಡು ಓದೋರು?" ಎಂದರು ದೊಡ್ಡಪ್ಪ.

"ನಿಮ್ಗೇನು ಗೊತ್ತು, ನೀವು ಸುಮ್ನಿರಿ." ವಾಪಸು ಬಂದು ಕೂತರು. "ಕಾಣಲ್ಲ, ಬಿಡು. ಈಗ ನಂದು ಏನು ಬರೆದಿದ್ದೀಯಾ ಓದು."

ಆ ವಾಕ್ಯವನ್ನು ಒಂದೊಂದೇ ಮಾತಾಗಿ ಕನ್ನಡಕ್ಕೆ ತಂದು ಹೇಳಿದೆ. ಮಧ್ಯಾಹ್ನದ ಹೊತ್ತಿನಲ್ಲಿ ಹುಳುಗಳು ತಲೆ ಎತ್ತಿ ಸೊಪ್ಪನ್ನು ಹುಡುಕುವುದನ್ನು ಇಂಥವರು ಕಂಡರು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು ಕೇಳಿದರು.

"ಇನ್ನೊಂದ್ಸಲ."

ಇನ್ನೊಂದು ಸಲ ಓದಿದೆ.

"ಹೂಂ. ಸರಿಯಾಗಿದೆ" ಎಂದರು. "ಹಂಗೇ ನೋಡ್ತಿದ್ವು."